ಹೊಸ ಐಫೋನಿಗೆ ಕಾಯೋದಾ, ಈಗ್ಲೇ ತಗೊಳ್ಳೋದಾ? ಲೀಕ್ ನೋಡಿ ನೋಡಿ ತಲೆ ಕೆಟ್ಟೋರಿಗೆ ಒಂದು ಲೆಕ್ಕ

ನಮ್ಮಕ್ಕನ ಫೋನ್ ಚಾರ್ಜ್ ಆಗ್ಬೇಕು ಅಂದ್ರೆ ಕೇಬಲನ್ನ ವಾರೆ ಮಾಡಿ ಅದರ ಮೇಲೆ ಒಂದು ಸ್ಟೀಲ್ ಲೋಟ ಇಡ್ಬೇಕು. ಲೋಟ ಒಂಚೂರು ಜರುಗಿದ್ರೆ ಚಾರ್ಜಿಂಗ್ ನಿಂತೋಯ್ತು ಅಂತ್ಲೇ ಲೆಕ್ಕ. ಐದು ತಿಂಗಳಿಂದ ಹಿಂಗೇ ನಡೀತಿದೆ, ಯಾಕಂದ್ರೆ ಅವಳ ಮಗ "ಅಮ್ಮಾ ಸೆಪ್ಟೆಂಬರ್‌ಗೆ ಹೊಸದು ಬರುತ್ತೆ, ತಡ್ಕೋ" ಅಂದಿದಾನೆ, ಅಂದಿದ್ದಷ್ಟೇ ಅಲ್ಲ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಮೆಸೇಜ್ ಹಾಕೋ ಥರ ಫ್ಯಾಮಿಲಿ ಗ್ರೂಪಿಗೆ ಒಂದು ಲೀಕ್ ವಿಡಿಯೋ ಎಸೀತಾನೆ. ನಿನ್ನೆ ಬಂದಿದ್ದು ಬಣ್ಣದ್ದು, ಮೊನ್ನೆ ಬಂದಿದ್ದು ಕ್ಯಾಮೆರಾದ್ದು, ಅದಕ್ಕೂ ಹಿಂದಿನ ದಿನದ್ದು "ಬೆಲೆ ಕೇಳಿ ಶಾಕ್ ಆಗ್ತೀರಾ" ಅನ್ನೋದು.

ನನ್ನನ್ನ ಕೇಳೋರದ್ದೆಲ್ಲಾ ಹೆಚ್ಚುಕಮ್ಮಿ ಇದೇ ಪ್ರಶ್ನೆ. ಅಂಗಡೀಲಿರೋ ಮಾಡೆಲ್ ಈಗ್ಲೇ ತಗೊಳ್ಲಾ, ಹೊಸದು ಬಂದ ದಿನಾನೇ ತಗೊಳ್ಲಾ, ಹೊಸದು ಬಂದ್ಮೇಲೆ ಹಳೇದರ ರೇಟ್ ಇಳಿಯುತ್ತಲ್ಲ ಆಗ ತಗೊಳ್ಲಾ, ಇರೋದನ್ನೇ ರಿಪೇರಿ ಮಾಡಿಸಿ ಇನ್ನೊಂದು ವರ್ಷ ತಳ್ಲಾ, ಇಲ್ಲಾ ಸೆಕೆಂಡ್ ಹ್ಯಾಂಡಾ. ಐದು ದಾರಿ.

ಮೊದ್ಲು ತಕ್ಕಡಿ ಸರಿ ಮಾಡ್ಕೊಳಿ

ಫೋನ್ ಹೋಲಿಸೋಕೂ ಮುಂಚೆ ನಾಲ್ಕು ಪ್ರಶ್ನೆಗೆ ನಿಮ್ಮ ಉತ್ತರ ಗೊತ್ತಿರ್ಬೇಕು. ಕೈಯಲ್ಲಿರೋ ಫೋನು ಇನ್ನೆಷ್ಟು ದಿನ ಬದುಕುತ್ತೆ? ಕೊಡೋಕೆ ರೆಡಿ ಇರೋ ದುಡ್ಡೆಷ್ಟು (ಇಎಂಐ ಲೆಕ್ಕ ಅಲ್ಲ, ಪೂರ್ತಿ ದುಡ್ಡು)? ತಗೊಂಡಿದ್ದನ್ನ ಎರಡು ವರ್ಷಕ್ಕೆ ಬದಲಾಯಿಸ್ತೀರಾ ಐದು ವರ್ಷ ಎಳೀತೀರಾ? ಕೊನೇದು, ಇದನ್ನ ಯಾರೂ ಕೇಳ್ಕೊಳಲ್ಲ, ನೀವು ನಿಜವಾಗ್ಲೂ ಯಾವ ಒಂದು ಫೀಚರಿಗೆ ಕಾಯ್ತಿದೀರಾ, ಅದರ ಲೀಕ್ ಎಷ್ಟು ಗಟ್ಟಿ? "ಒಟ್ಟಾರೆ ಚೆನ್ನಾಗಿರುತ್ತಂತೆ" ಅನ್ನೋದು ಉತ್ತರ ಅಲ್ಲ. ಪ್ರತಿ ವರ್ಷಾನೂ ಒಟ್ಟಾರೆ ಚೆನ್ನಾಗೇ ಇರುತ್ತೆ.

ಲೀಕ್‌ಗಳಲ್ಲಿ ಜಾತಿ ಇದೆ

ಎಲ್ಲಾ ಲೀಕನ್ನೂ ಒಂದೇ ತೂಕಕ್ಕೆ ಹಾಕಿದ್ರೆ ಕೆಟ್ರಿ. ನಾನು ಜಾಸ್ತಿ ನಂಬೋದು ಆಕಾರದ ಲೀಕ್. ಕಾರಣ ಸಿಂಪಲ್, ಹೊಸ ಫೋನ್ ಬಂದ ದಿನಾನೇ ಕವರ್ ಮಾರೋಕೆ ಕಂಪನಿಗಳು ತಿಂಗಳುಗಟ್ಟಲೆ ಮುಂಚೆ ಅಚ್ಚು ಮಾಡಿಸಿರ್ಬೇಕು, ಅಳತೆ ತಪ್ಪಾದ್ರೆ ಅವರ ಮಾಲೆಲ್ಲ ತಿಪ್ಪೆಗೆ. ಐಫೋನ್ 17 ಪ್ರೋ ಹಿಂದುಗಡೆ ಈ ಅಂಚಿಂದ ಆ ಅಂಚಿಗೆ ದಪ್ಪ ಕ್ಯಾಮೆರಾ ಪಟ್ಟಿ ಬರುತ್ತೆ ಅಂತ ತಿಂಗಳುಗಳ ಮುಂಚೆ ಡಮ್ಮಿ (ಆಕಾರ ಮಾತ್ರ ಇರೋ ನಕಲಿ ಫೋನ್) ಓಡಾಡ್ತಿದ್ವು, ಇದೇನಪ್ಪಾ ಇಷ್ಟು ವಿಕಾರ ಅಂತ ಜನ ನಕ್ಕಿದ್ದೂ ಆಯ್ತು, ಕೊನೆಗೆ 2025ರ ಸೆಪ್ಟೆಂಬರ್ 9ಕ್ಕೆ ಹಂಗೇ ಬಂತು. ಆದ್ರೆ ಅದೇ ಸಲ ಎಲ್ರೂ ವರ್ಷಪೂರ್ತಿ "ಸೆವೆಂಟೀನ್ ಏರ್" ಅಂತ ಕೂಗಿದ ಫೋನಿನ ಹೆಸರಲ್ಲಿ ಸೆವೆಂಟೀನೇ ಇರ್ಲಿಲ್ಲ, ಬರೀ ಐಫೋನ್ ಏರ್. ಆಕಾರ ಸರಿ, ಹೆಸರು ತಪ್ಪು.

ಆಮೇಲೆ ಸರ್ಕಾರಿ ಕಾಗದದ ಲೀಕ್. ನಮ್ಮಲ್ಲಿ ಫೋನ್ ಮಾರ್ಬೇಕು ಅಂದ್ರೆ ಬಿಐಎಸ್ (ಗುಣಮಟ್ಟ ನೋಡೋ ಸರ್ಕಾರಿ ಸಂಸ್ಥೆ) ರಿಜಿಸ್ಟ್ರೇಷನ್ ಬೇಕೇ ಬೇಕು, ಚೀನಾದಲ್ಲಿ ಟೆನಾ ಅನ್ನೋರ ಪಟ್ಟೀಲಿ ಫೋಟೋ, ಬ್ಯಾಟರಿ ಎಲ್ಲಾ ಬರುತ್ತೆ, ಅಲ್ಲೇ ಸುರಕ್ಷತೆ ಸರ್ಟಿಫಿಕೇಟ್ ಕೊಡೋ ತ್ರೀಸಿ ಪಟ್ಟೀಲಿ ಚಾರ್ಜರ್ ಎಷ್ಟು ವ್ಯಾಟ್ ಅಂತ ಸಿಗುತ್ತೆ. ಇವು ಸುಳ್ಳು ಹೇಳಲ್ಲ, ಆದ್ರೆ ಹೇಳೋದು ಕಮ್ಮಿ. ಬಿಐಎಸ್‌ನಲ್ಲಿ ಮಾಡೆಲ್ ನಂಬರ್ ಕಾಣಿಸ್ತು ಅಂದ್ರೆ ಇಲ್ಲಿಗೆ ಬರೋ ತಯಾರಿ ನಡೀತಿದೆ ಅಂತ ಅಷ್ಟೇ, ಯಾವಾಗ ಎಷ್ಟಕ್ಕೆ ಅಂತ ಅಲ್ಲ. ಗೀಕ್‌ಬೆಂಚ್ (ಫೋನಿನ ವೇಗ ಅಳೆಯೋ ಆಪ್) ಸ್ಕೋರ್ ಬಂದಿದೆ ಅಂತ ಕುಣಿಯೋರ ಮಾತು ಬಿಡಿ, ಅಲ್ಲಿ ಫೋನಿನ ಹೆಸರು ಬದಲಾಯಿಸಿ ಯಾರು ಬೇಕಾದ್ರೂ ಹಾಕ್ಬೋದು.

ಮೂರನೇದು ಅನಲಿಸ್ಟ್‌ಗಳು, ಬಿಡಿಭಾಗ ಸಪ್ಲೈ ಮಾಡೋ ಕಂಪನಿಗಳ ಕಡೆಯಿಂದ ಸುದ್ದಿ ಹಿಡಿಯೋರು. ಇದರಲ್ಲಿ ದೊಡ್ಡ ಹೆಸರು ಮಿಂಗ್-ಚಿ ಕುವೋ. ಅವರು 2021ರ ಆಗಸ್ಟಲ್ಲಿ ಐಫೋನ್ 13ಕ್ಕೆ ಸ್ಯಾಟಲೈಟ್ ಸಂಪರ್ಕ ಬರುತ್ತೆ ಅಂದ್ರು, ಬಂದಿದ್ದು 2022ರಲ್ಲಿ 14ಕ್ಕೆ, ಬಂದಾಗ್ಲೂ ನಮ್ಮ ದೇಶದಲ್ಲಿ ಆ ಸೇವೆ ಇರ್ಲಿಲ್ಲ. 15 ಪ್ರೋಗೆ ಒತ್ತಿದ್ರೆ ಅಲುಗಾಡದ ಬಟನ್ ಬರುತ್ತೆ ಅಂದ್ರು, 2023ರ ಏಪ್ರಿಲಲ್ಲಿ ಅವರೇ ಇಲ್ಲ ಕೈಬಿಟ್ರು ಅಂದ್ರು. ಅವರು ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಿಲ್ಲ. ಮದುವೆ ಮನೆ ಅಡುಗೆ ಪಟ್ಟಿ ಇದ್ದಂಗೆ ಇದು, ಸೋಮವಾರ ಭಟ್ರ ಹತ್ರ ಇಣುಕಿ ನೋಡ್ದೋನು ಚಿರೋಟಿ ಅಂತಾನೆ, ಮದುವೆ ದಿನ ಎಲೆಗೆ ಬೀಳೋದು ಹೋಳಿಗೆ. ಸೋಮವಾರ ಚಿರೋಟಿ ಇದ್ದಿದ್ದೂ ನಿಜವೇ.

ಇನ್ನೊಂದು ಕಥೆ ಹೇಳ್ಬೇಕು. 2019ರ ಜೂನಲ್ಲಿ ಪಿಕ್ಸೆಲ್ 4 ಲೀಕ್ ಜಾಸ್ತಿ ಆಗಿ ಆಗಿ ಗೂಗಲ್‌ನವರೇ ಬೇಸತ್ತು ಫೋನಿನ ಹಿಂಭಾಗದ ಫೋಟೋ ಹಾಕ್ಬಿಟ್ರು. ಇದಕ್ಕಿಂತ ಗಟ್ಟಿ ಲೀಕ್ ಇರುತ್ತಾ? ಇಲ್ಲಿ ಜನ ಹಳೇ ಫೋನ್ ಮಾರೋಕೆ ರೆಡಿಯಾಗಿ ಕೂತಿದ್ರು. ಅಕ್ಟೋಬರಲ್ಲಿ ಫೋನೂ ಬಂತು, ಭಾರತಕ್ಕೆ ಮಾತ್ರ ಬರ್ಲಿಲ್ಲ. ಅದರಲ್ಲಿದ್ದ ರಾಡಾರ್ ಚಿಪ್ಪು 60 ಗಿಗಾಹರ್ಟ್ಸಲ್ಲಿ ಕೆಲಸ ಮಾಡ್ತಿತ್ತು, ಇಲ್ಲಿ ಅದಕ್ಕೆ ಪರ್ಮಿಷನ್ ಇರ್ಲಿಲ್ಲ. ಲೀಕಾಗಿದ್ದ ಫೋನು ಸರಿ, ಕಾದೋರ ಕೈಗೆ ಮಾತ್ರ ಚೊಂಬು.

ಎಲ್ಲಕ್ಕಿಂತ ಟೊಳ್ಳು ಬೆಲೆಯ ಲೀಕ್. ಡಾಲರ್ ಬೆಲೇನ ರೂಪಾಯಿಗೆ ಗುಣಿಸಿ ಮೇಲೊಂದಿಷ್ಟು ಟ್ಯಾಕ್ಸ್ ಸೇರಿಸಿ "ಭಾರತದ ಬೆಲೆ ಲೀಕ್" ಅಂತ ಹಾಕ್ತಾರೆ, ಅಷ್ಟೇ. ನಿಜ ಏನಾಯ್ತು ನೋಡಿ: ಐಫೋನ್ 13, 14, 15, 16 ನಾಲ್ಕೂ ಶುರುವಾಗಿದ್ದು 79,900ಕ್ಕೆ, ಪ್ರತಿ ಸಲಾನೂ ಏರುತ್ತೆ ಏರುತ್ತೆ ಅಂತ ಗುಲ್ಲು ಇದ್ದೇ ಇತ್ತು. 15 ಪ್ರೋ 1,34,900 ಇತ್ತು, ಮುಂದಿನ ವರ್ಷ 16 ಪ್ರೋ 1,19,900ಕ್ಕೆ ಇಳಿದು ಬಂತು. 17 ಬಂದಾಗ 82,900, ನೋಡಿದ್ರಾ ಏರ್ತು ಅಂದ್ರು, ಆದ್ರೆ ಸ್ಟೋರೇಜ್ 256 ಜಿಬಿಯಿಂದ ಶುರು. ಅದೇ 256ರ ಹದಿನಾರು ಬಿಡುಗಡೆಯಾದಾಗ 89,900 ಇತ್ತಲ್ವಾ, ಅಂದ್ರೆ ಏಳು ಸಾವಿರ ಇಳಿದಂಗೆ ಆಯ್ತು.

ಹಂಗಾಗಿ ಲೀಕಲ್ಲಿ ನಿಮ್ಮ ಕೆಲಸಕ್ಕೆ ಬರೋದು ಒಂದೇ, ತಾರೀಖು. ಹೊಸದು ಯಾವ ತಿಂಗಳು ಬರುತ್ತೆ ಅಂತ ಗೊತ್ತಾದ್ರೆ ಹಳೇದರ ರೇಟ್ ಯಾವಾಗ ಬೀಳುತ್ತೆ ಅಂತ ಗೊತ್ತಾಗುತ್ತೆ. ಮಿಕ್ಕಿದ್ದು ಟೈಂಪಾಸ್, ಕಡ್ಲೆಕಾಯಿ ತಿನ್ಕೊಂಡು ನೋಡಿ, ತೊಂದ್ರೆ ಇಲ್ಲ.

ಈಗ ಅಂಗಡೀಲಿರೋದನ್ನೇ ತಗೊಳ್ಳೋದು

ಜೂನ್ ಆದ್ಮೇಲೆ ಪೂರ್ತಿ ಎಂಆರ್‌ಪಿ ಕೊಟ್ಟು ಐಫೋನ್ ತಗೊಳ್ಳೋದು ಸಾಮಾನ್ಯವಾಗಿ ನಷ್ಟದ ಬಾಬತ್ತು. 15 ಬಂದ ದಿನ 14ರ ಬೆಲೆ 79,900ರಿಂದ 69,900ಕ್ಕೆ ಇಳೀತು, 16 ಬಂದಾಗ 15ಕ್ಕೂ ಅದೇ ಹತ್ತು ಸಾವಿರ, 17 ಬಂದಾಗ 16ಕ್ಕೂ ಅದೇ. ಪಂಚಾಂಗ ನೋಡ್ದಂಗೆ ಹೇಳ್ಬೋದು. ನಮ್ಮಮ್ಮ ಆಷಾಢದಲ್ಲಿ ಹೊಸದೇನೂ ತಗೋಬೇಡಿ ಅಂತಾರಲ್ಲ, ಐಫೋನ್ ವಿಷ್ಯದಲ್ಲಿ ಅದು ಪಕ್ಕಾ ಆರ್ಥಿಕ ಸಲಹೆ!

ಆದ್ರೆ ಈಗಿನ ಗುಲ್ಲು ಬೇರೆ ಥರ ಇದೆ. ಈ ಸಲ ಸೆಪ್ಟೆಂಬರಲ್ಲಿ ಪ್ರೋ ಮಾಡೆಲ್‌ಗಳೂ ಮಡಚೋ ಫೋನೂ ಮಾತ್ರ ಬರ್ತವೆ, ಸಾದಾ 18 ಮುಂದಿನ ವರ್ಷದ ಶುರುವಿನ ಕಡೆಗೆ ಅಂತ ಕುವೋ ಸೇರಿ ಸುಮಾರು ಜನ ಹೇಳ್ತಿದಾರೆ. ಇದು ನಿಜ ಆದ್ರೆ ಸೆಪ್ಟೆಂಬರಲ್ಲಿ ಸಾದಾ 17ರ ಅಧಿಕೃತ ಬೆಲೆ ಬೀಳಲೇಬೇಕು ಅಂತಿಲ್ಲ, ಅದರ ಜಾಗಕ್ಕೆ ಬರೋದೇ ಇಲ್ವಲ್ಲ. ಜೊತೆಗೆ 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಹೀರ್ಕೊಳ್ತಿರೋದ್ರಿಂದ ಚಿಪ್ಪಿನ ರೇಟ್ ಏರಿ ಕೂತಿದೆ, "ಕಾದ್ರೆ ಅಗ್ಗ ಆಗೇ ಆಗುತ್ತೆ" ಅನ್ನೋ ಹಳೇ ಸೂತ್ರ ಆಂಡ್ರಾಯ್ಡ್ ಫೋನ್‌ಗಳಿಗಂತೂ ಕೈ ಕೊಡ್ತಿದೆ. ಅದಕ್ಕೇ ನನ್ನ ಲೆಕ್ಕ: ಸಾದಾ 17 ಬೇಕು, ಹಳೇ ಫೋನ್ ಸಾಯ್ತಿದೆ, ಕಾರ್ಡ್ ಆಫರ್‌ನಲ್ಲಿ ಐದಾರು ಸಾವಿರ ಬಿಡ್ತಿದಾರೆ ಅಂದ್ರೆ ತಗೊಂಡ್ಬಿಡಿ. ಪ್ರೋ ಬೇಕು ಅನ್ನೋರು ಈಗ ಮುಟ್ಬೇಡಿ.

ಬಂದ ದಿನಾನೇ ತಗೊಳ್ಳೋದು

ಇದು ದುಬಾರಿ ದಾರಿ ಅಂತ ಎಲ್ರೂ ಅಂದ್ಕೊಂಡಿದಾರೆ, ಐಫೋನಲ್ಲಿ ಪೂರ್ತಿ ನಿಜ ಅಲ್ಲ. ಎರಡು ವರ್ಷಕ್ಕೊಮ್ಮೆ ಮಾರಿ ಹೊಸದು ತಗೊಳ್ಳೋ ಅಭ್ಯಾಸ ಇರೋರಿಗೆ ಬಂದ ವಾರದಲ್ಲಿ ತಗೊಳ್ಳೋದೇ ಲಾಭ, ಆ ಮಾಡೆಲ್ "ಹೊಸದು" ಅನ್ನಿಸ್ಕೊಳ್ಳೋ ಪೂರ್ತಿ ಹನ್ನೆರಡು ತಿಂಗಳು ನಿಮ್ಮ ಕೈಯಲ್ಲೇ ಕಳೆಯುತ್ತೆ. ಮಾರ್ಚಲ್ಲೋ ಏಪ್ರಿಲಲ್ಲೋ ತಗೊಂಡ್ರೆ ಆರು ತಿಂಗಳಿಗೇ "ಹಳೇ ಮಾಡೆಲ್" ಆಗುತ್ತೆ.

ಸ್ಯಾಮ್‌ಸಂಗ್ ಲೆಕ್ಕ ಬೇರೆ. ಅವರ ಎಸ್ ಸೀರೀಸ್ ವರ್ಷದ ಶುರುವಲ್ಲಿ ಬರುತ್ತೆ, ಪ್ರೀ-ಬುಕ್ ಮಾಡಿದೋರಿಗೆ ಕಮ್ಮಿ ಸ್ಟೋರೇಜ್ ದುಡ್ಡಿಗೆ ಜಾಸ್ತಿ ಸ್ಟೋರೇಜ್ ಕೊಡೋ ಅಭ್ಯಾಸ ಅವರಿಗಿದೆ, ಅದಾದ್ಮೇಲೆ ಆರೆಂಟು ತಿಂಗಳಲ್ಲಿ ರೇಟ್ ಜಾರುತ್ತೆ. ಅಂದ್ರೆ ಮೊದಲ ವಾರ ಇಲ್ಲಾ ದಸರಾ ಸೇಲ್, ಮಧ್ಯದಲ್ಲಿ ತಗೊಂಡೋನು ಪೆದ್ದ. ಅಲ್ಲಿ ಒಂದು ಲೀಕ್ ಮಾತ್ರ ಗಮನ ಇಟ್ಟು ನೋಡಿ, ಇಲ್ಲಿಗೆ ಬರೋದು ಯಾವ ಚಿಪ್ ಅಂತ. 2024ರ ಎಸ್24 ನಮ್ಮಲ್ಲಿಗೆ ಸ್ಯಾಮ್‌ಸಂಗ್‌ನ ಸ್ವಂತ ಚಿಪ್ ಎಕ್ಸಿನೋಸ್ ಹಾಕ್ಕೊಂಡು ಬಂತು, ಅಲ್ಟ್ರಾಗೆ ಮಾತ್ರ ಕ್ವಾಲ್ಕಾಮ್‌ನವರ ಸ್ನ್ಯಾಪ್‌ಡ್ರಾಗನ್. ಮುಂದಿನ ವರ್ಷ ಎಸ್25ಕ್ಕೆ ಎಲ್ಲದಕ್ಕೂ ಸ್ನ್ಯಾಪ್‌ಡ್ರಾಗನ್. ಗೇಮ್ ಆಡೋರಿಗೆ ಇದು ಕಾಯೋಕೆ ಯೋಗ್ಯ ಕಾರಣ, ವಾಟ್ಸಾಪ್ ನೋಡೋರಿಗೆ ಅಲ್ಲ.

ಅಮೆರಿಕದಿಂದ ಅಣ್ಣ ತರ್ತಾನೆ ಅನ್ನೋರೂ ಇದೀರ. ಅಲ್ಲಿ ಮಾರೋ ಐಫೋನಿಗೆ 14ರಿಂದ ಸಿಮ್ ಹಾಕೋ ಜಾಗವೇ ಇಲ್ಲ, ಇ-ಸಿಮ್ (ಕಾರ್ಡ್ ಇಲ್ದೆ ಫೋನೊಳಗೇ ಇರೋ ಸಿಮ್) ಅಷ್ಟೇ. ಐಫೋನ್ ಏರ್ ಅಂತೂ ಎಲ್ಲಿ ತಗೊಂಡ್ರೂ ಹಂಗೇ. ತೀರ್ಥಹಳ್ಳಿ ಕಡೆ ನಮ್ಮ ಮಾವನ ಮನೇಲಿ ಬಿಎಸ್ಎನ್ಎಲ್ ಬಿಟ್ರೆ ಬೇರೆ ಸಿಗ್ನಲ್ಲೇ ಬರಲ್ಲ, ಅಂಥ ಕಡೆ ಇರೋರು ನಿಮ್ಮ ಸಿಮ್ಮನ್ನ ಇ-ಸಿಮ್ ಮಾಡ್ಕೊಡ್ತಾರಾ ಅಂತ ಮೊದ್ಲು ಕೇಳಿ, ಆಮೇಲೆ ಅಣ್ಣಂಗೆ ಫೋನ್ ಮಾಡಿ.

ಹೊಸದು ಬಂದ್ಮೇಲೆ ಹಳೇದು

ಬಹಳಷ್ಟು ಜನಕ್ಕೆ ನಾನು ಹೇಳೋದು ಇದನ್ನೇ, ಆದ್ರೆ ಇದರಲ್ಲಿ ಒಂದು ಗುಂಡಿ ಇದೆ. ಅಧಿಕೃತವಾಗಿ ರೇಟ್ ಇಳಿಯೋದು ಸಾದಾ ಮಾಡೆಲ್‌ಗೆ. ಪ್ರೋ ಮಾಡೆಲ್‌ನ ಕಂಪನಿ ಅವತ್ತೇ ಪಟ್ಟಿಯಿಂದ ತೆಗೆದುಬಿಡುತ್ತೆ, 16 ಬಂದಾಗ 15 ಪ್ರೋ ಹೋಯ್ತು, 17 ಬಂದಾಗ 16 ಪ್ರೋ ಹೋಯ್ತು. ಅಂಗಡಿಗಳಲ್ಲಿ ಉಳಿದ ಸ್ಟಾಕ್ ಸೇಲಲ್ಲಿ ಬರುತ್ತೆ, ಬಣ್ಣ ಸ್ಟೋರೇಜ್ ಅಂತೆಲ್ಲಾ ಆರಿಸೋಕೆ ಹೋದ್ರೆ ಸಿಗಲ್ಲ, ಸಿಕ್ಕಿದ್ದು ಶಿವಾಯ ನಮಃ.

ಸೇಲ್ ವಿಷ್ಯ. 2025ರಲ್ಲಿ ಹೊಸ ಐಫೋನ್ ಮಾರಾಟ ಶುರುವಾಗಿದ್ದು ಸೆಪ್ಟೆಂಬರ್ 19ಕ್ಕೆ, ಸರಿಯಾಗಿ ಪಿತೃಪಕ್ಷದಲ್ಲಿ, ಮನೇಲಿ ಹಿರಿಯರು ಇರೋರು ಬಾಕ್ಸ್ ತರಿಸಿದ್ರೂ ಬಿಚ್ಚೋ ಹಂಗಿರ್ಲಿಲ್ಲ. ಮಹಾಲಯ ಅಮಾವಾಸ್ಯೆ ಮುಗಿದು ಎರಡು ದಿನಕ್ಕೆ, 23ಕ್ಕೆ, ಆನ್‌ಲೈನ್ ದೊಡ್ಡ ಸೇಲ್‌ಗಳು ಶುರು. ಆಗ್ಲೇ ಜಿಎಸ್‌ಟಿ ಕಮ್ಮಿ ಆಗಿದ್ದು ಬೇರೆ, ಫೋನೂ ಅಗ್ಗ ಆಗುತ್ತೆ ಅಂತ ಎಷ್ಟೋ ಜನ ಕಾದ್ರು. ದೊಡ್ಡ ಟಿವಿ, ಎಸಿಗೆ 28ರಿಂದ 18ಕ್ಕೆ ಇಳೀತು, ಫೋನಿಗೆ 2020ರ ಏಪ್ರಿಲಿಂದ ಇರೋ 18 ಪರ್ಸೆಂಟೇ ಉಳೀತು. ಇನ್ಮೇಲೂ ಯಾರಾದ್ರೂ ಟ್ಯಾಕ್ಸ್ ಇಳಿಯುತ್ತೆ ಕಾಯಿ ಅಂದ್ರೆ ಆದೇಶ ನೋಡೋ ತನಕ ನಂಬ್ಬೇಡಿ.

ಸೇಲಲ್ಲಿ ದೊಡ್ಡಕ್ಷರದಲ್ಲಿ ಕಾಣೋ ಬೆಲೆ ನಿಮ್ಮ ಬೆಲೆ ಅಲ್ಲ. ಅದರಲ್ಲಿ ಬ್ಯಾಂಕ್ ಕಾರ್ಡ್ ಡಿಸ್ಕೌಂಟು, ಎಕ್ಸ್‌ಚೇಂಜ್ ಬೋನಸ್ಸು ಎಲ್ಲಾ ಕಳೆದಿರ್ತಾರೆ. ಆ ಕಾರ್ಡ್ ನಿಮ್ಮ ಹತ್ರ ಇಲ್ಲ ಅಂದ್ರೆ ಆ ನಂಬರ್ ಮರ್ತುಬಿಡಿ. ನೋ-ಕಾಸ್ಟ್ ಇಎಂಐ ಅಂದ್ರೂ ಬಡ್ಡಿ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀಸ್ ಬೀಳುತ್ತೆ, ಸ್ಟೇಟ್‌ಮೆಂಟ್ ಬಂದಾಗ ಗೊತ್ತಾಗೋದು. ನನಗೇ ಒಂದು ಸಲ ಬೆಳಗಿನ ಜಾವ ಎದ್ದು ಬುಕ್ ಮಾಡಿದ ಫೋನ್ ಮೂರನೇ ದಿನ ಕ್ಯಾನ್ಸಲ್ ಆಯ್ತು, ದುಡ್ಡು ವಾಪಸ್ ಬಂತು, ಆದ್ರೆ ಅಷ್ಟೊತ್ತಿಗೆ ಆಫರ್ ಮುಗಿದಿತ್ತು. ಇನ್ನೊಂದು ಸಲ ಮನೆ ಬಾಗಿಲಿಗೆ ಬಂದ ಹುಡುಗ ಹಳೇ ಫೋನನ್ನ ಬಿಸಿಲಿಗೆ ವಾರೆ ಹಿಡ್ದು ಹಿಡ್ದು ಒಂದು ಗೀರು ಕಂಡುಹಿಡ್ದ, ಎಕ್ಸ್‌ಚೇಂಜ್ ಇಲ್ಲ ಅಂದ. ಸೇಲ್ ನಂಬ್ಕೊಂಡು ಹಳೇ ಫೋನ್ ಮೊದ್ಲೇ ಮಾರ್ಬೇಡಿ ಅಂತ ಹೇಳ್ತಿರೋದು ಅದಕ್ಕೆ.

ಒಂದು ವರ್ಷ ಹಳೇದು ಓಕೆ, ಎರಡು ವರ್ಷ ಹಳೇದು ಹೊಸ ಬಾಕ್ಸಲ್ಲಿ ಸಿಕ್ರೆ? ಐಫೋನ್ 15ರ ಸಾದಾ ಮಾಡೆಲ್‌ಗೆ ಆಪಲ್ ಇಂಟೆಲಿಜೆನ್ಸ್ (ಆಪಲ್‌ನ ಎಐ ಫೀಚರ್‌ಗಳು) ಬರಲ್ಲ, 15 ಪ್ರೋ ಮತ್ತೆ 16ರಿಂದ ಮೇಲಕ್ಕೆ ಮಾತ್ರ. ಅದು ಬೇಕಾ ಬೇಡ್ವಾ ನಿಮಗೆ ಬಿಟ್ಟಿದ್ದು, ನಾನಂತೂ ದಿನಾ ಬಳಸಲ್ಲ, ಆದ್ರೆ ಐದು ವರ್ಷ ಎಳೆಯೋರು 16ಕ್ಕಿಂತ ಕೆಳಗೆ ಹೊಸ ಫೋನ್ ತಗೋಬೇಡಿ. ಆಂಡ್ರಾಯ್ಡಲ್ಲಿ ಐದು ವರ್ಷ ಎಳೆಯೋರಿಗೆ ಎಸ್24, ಪಿಕ್ಸೆಲ್ 8 ಇವುಗಳಿಂದ ಮೇಲಕ್ಕೆ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟಿದಾರೆ, ಏಳು ವರ್ಷ ಎಣಿಸೋದು ಫೋನ್ ಬಿಡುಗಡೆಯಾದ ದಿನದಿಂದ, ನೀವು ತಗೊಂಡ ದಿನದಿಂದ ಅಲ್ಲ.

ರಿಪೇರಿ

ಅಕ್ಕನ ಲೋಟದ ಕಥೆಗೆ ಬರ್ತೀನಿ. ಹೋದ ಭಾನುವಾರ ಅವಳ ಮನೆಗೆ ಹೋದಾಗ ಫೋನ್ ಸ್ವಿಚ್ ಆಫ್ ಮಾಡಿ, ಟಾರ್ಚ್ ಬಿಟ್ಟು, ಮರದ ಟೂತ್‌ಪಿಕ್ ತಗೊಂಡು ಚಾರ್ಜಿಂಗ್ ಜಾಗದಲ್ಲಿ ಮೆಲ್ಲಗೆ ಕೆದಕಿದೆ. ಬೂದು ಬಣ್ಣದ ಹತ್ತಿ ಉಂಡೆ, ಅಕ್ಕಿಕಾಳಿನಷ್ಟು ದಪ್ಪದ್ದು, ಗಟ್ಟಿಯಾಗಿ ಅದುಮಿಕೊಂಡಿದ್ದು ಈಚೆ ಬಂತು. ನಾಲ್ಕು ವರ್ಷದ ವ್ಯಾನಿಟಿ ಬ್ಯಾಗಿನ ಧೂಳು. ಕೇಬಲ್ ಟಕ್ ಅಂತ ಕೂತ್ಕೊಳ್ತು. (ಪಿನ್ನು, ಸೂಜಿ ಹಾಕ್ಬೇಡಿ, ಒಳಗಿನ ಕಡ್ಡಿ ಮುರಿಯುತ್ತೆ.)

ಸೆಟ್ಟಿಂಗ್ಸಲ್ಲಿ ನೋಡಿದ್ರೆ ಬ್ಯಾಟರಿ ಹೆಲ್ತ್ 76. ಐಫೋನ್ 14ರ ತನಕದ ಮಾಡೆಲ್‌ಗಳ ಬ್ಯಾಟರಿ ಐನೂರು ಸಲ ಪೂರ್ತಿ ಚಾರ್ಜ್ ಆಗೋವರೆಗೆ 80 ಪರ್ಸೆಂಟ್ ಉಳಿಯೋ ಥರ ಮಾಡಿರೋದು, 15ರಿಂದ ಅದು ಸಾವಿರ ಸಲ. ಹಂಗಾಗಿ 12, 13 ಇಟ್ಕೊಂಡಿರೋರಿಗೆ ಫೋನ್ ನಿಧಾನ ಆಗಿದೆ ಅನ್ಸೋದು ಎಷ್ಟೋ ಸಲ ಬ್ಯಾಟರಿ ಮುದಿಯಾಗಿದ್ದಕ್ಕೆ. ಹೊಸ ಫೋನಿನ ದುಡ್ಡಲ್ಲಿ ಒಂದು ಸಣ್ಣ ಪಾಲಿಗೆ ಹೊಸ ಬ್ಯಾಟರಿ ಬರುತ್ತೆ, ಅಧಿಕೃತ ಸರ್ವಿಸ್ ಸೆಂಟರಲ್ಲೇ ಹಾಕ್ಸಿ. ಬ್ಯಾಟರಿ ಉಬ್ಬಿ ಸ್ಕ್ರೀನ್ ಅಂಚು ಮೇಲೆದ್ದಿದ್ರೆ ಮಾತ್ರ ಲೀಕು ಗೀಕು ಎಲ್ಲಾ ಬಿಟ್ಟು ಇವತ್ತೇ ಹೋಗಿ, ಅದು ಕಾಯೋ ವಿಷ್ಯ ಅಲ್ಲ. ರಿಪೇರಿ ಯಾವಾಗ ದಂಡ ಅಂದ್ರೆ ಸಾಫ್ಟ್‌ವೇರ್ ನಿಂತಾಗ. ಐಫೋನಿನ ಸಾಫ್ಟ್‌ವೇರ್ ಐಒಎಸ್ 26 ಐಫೋನ್ 11ರಿಂದ ಮೇಲಕ್ಕೆ ಮಾತ್ರ, ಎಕ್ಸ್ಆರ್, ಎಕ್ಸ್ಎಸ್ ಹೊರಗೆ. ಅವುಗಳಿಗೆ ದೊಡ್ಡ ದುಡ್ಡು ಹಾಕ್ಬೇಡಿ.

ಸೆಕೆಂಡ್ ಹ್ಯಾಂಡ್

ನಲವತ್ತು ಸಾವಿರದೊಳಗೆ ಐಫೋನೇ ಬೇಕು ಅನ್ನೋರಿಗೆ ಇದೇ ದಾರಿ, ಆದ್ರೆ ತಗೊಳ್ಳೋ ಸಮಯ ಮುಖ್ಯ. ಹೊಸದು ಬಂದ ಮೇಲಿನ ಒಂದೆರಡು ತಿಂಗಳಲ್ಲಿ ಜನ ಹಳೇದು ಮಾರೋಕೆ ಮುಗಿಬೀಳ್ತಾರೆ, ಚೌಕಾಸಿಗೆ ಜಾಗ ಇರುತ್ತೆ. ತಗೊಳ್ಳೋ ಮುಂಚೆ ಸ್ಟಾರ್ ಹ್ಯಾಷ್ ಸೊನ್ನೆ ಆರು ಹ್ಯಾಷ್ ಒತ್ತಿ ಐಎಂಇಐ (ಆ ಫೋನಿನ ಗುರುತಿನ ನಂಬರ್) ತೆಗೆದು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಹಾಕಿ ನೋಡಿ, ಕದ್ದ ಮಾಲು ಅಂತ ಬ್ಲಾಕ್ ಆಗಿದ್ರೆ ಅಲ್ಲೇ ಗೊತ್ತಾಗುತ್ತೆ. ಸೆಟ್ಟಿಂಗ್ಸ್ ಒಳಗೆ ಅಬೌಟ್‌ಗೆ ಹೋದ್ರೆ 12ರಿಂದ ಮೇಲಿನ ಫೋನಲ್ಲಿ ಸ್ಕ್ರೀನ್, ಬ್ಯಾಟರಿ, ಕ್ಯಾಮೆರಾ ಬದಲಾಯಿಸಿದ್ರೆ ತೋರಿಸುತ್ತೆ, ಒರಿಜಿನಲ್ಲಾ ಅಲ್ವಾ ಅಂತಾನೂ. ಮಾರೋನ ಆಪಲ್ ಅಕೌಂಟ್ ನಿಮ್ಮ ಕಣ್ಣೆದುರಿಗೇ ಲಾಗೌಟ್ ಆಗ್ಬೇಕು. "ಮನೆಗೆ ಹೋಗಿ ಮಾಡ್ತೀನಿ ಸಾರ್" ಅಂದ್ರೆ ನೀವೂ ಮನೆಗೆ ಹೋಗಿ, ಖಾಲಿ ಕೈಯಲ್ಲಿ.

ಹಿಂಗೆ ನೋಡಿದ್ರೆ ಅಕ್ಕನಂಥೋರಿಗೆ, ಅಂದ್ರೆ ಕರೆ, ವಾಟ್ಸಾಪ್, ಯುಪಿಐ, ಮೊಮ್ಮಗುವಿನ ಫೋಟೋ, ಐದು ವರ್ಷ ಬಳಕೆ, ಅವಸರ ಇಲ್ಲ, ಬ್ಯಾಟರಿ ಹಾಕ್ಸಿ ದೀಪಾವಳಿ ತನಕ ತಳ್ಳಿ ಆಗ ಸಾದಾ ಮಾಡೆಲ್ ಸಿಕ್ಕಿದ್ದು ತಗೊಳ್ಳೋದು ಸರಿ. ಅವಳ ಮಗನಿಗೆ ರೀಲ್ಸ್ ಮಾಡೋ ಹುಚ್ಚು, ಎರಡು ವರ್ಷಕ್ಕೊಮ್ಮೆ ಬದಲಾಯಿಸ್ತಾನೆ, ದುಡ್ಡು ಅವನದ್ದೇ ಆದ್ರೆ ಪ್ರೋ ಬಂದ ವಾರದಲ್ಲೇ ತಗೊಳ್ಲಿ. ಎಪ್ಪತ್ತು ಸಾವಿರ ಇದೆ, ಫೋನ್ ನಿನ್ನೆ ನೀರಿಗೆ ಬಿತ್ತು ಅನ್ನೋರು ಯಾವ ಲೀಕೂ ನೋಡ್ದೆ ನಾಳೆ ಅಂಗಡಿಗೆ ಹೋಗಿ, ಫೋನಿಲ್ದೆ ಎರಡು ತಿಂಗಳು ಕಳೆಯೋದಕ್ಕೆ ಹತ್ತು ಸಾವಿರದ ಉಳಿತಾಯ ಸಮ ಅಲ್ಲ.

ಇದನ್ನೆಲ್ಲಾ ಫ್ಯಾಮಿಲಿ ಗ್ರೂಪಲ್ಲೂ ಹಾಕ್ದೆ, ಹತ್ತಿ ಉಂಡೆ ಫೋಟೋ ಸಮೇತ. ಅಕ್ಕ ಎರಡು ನಮಸ್ಕಾರ ಕಳಿಸಿದ್ಲು. ಅಳಿಯ ಅರ್ಧ ಗಂಟೆ ಬಿಟ್ಟು "ಮಾಮ ಅದಿರ್ಲಿ, ಇದು ನೋಡಿ" ಅಂತ ಮಡಚೋ ಫೋನಿನ ಹೊಸ ವಿಡಿಯೋ ಹಾಕಿದಾನೆ.